ಸೋಷಿಯಲ್ ಆಡಿಟ್ ಕೆಲಸಕ್ಕೆ ಸೇರಬೇಕು ಅಂತಿದ್ದೀನಿ, ಇದರಲ್ಲೇ ಇರೋರು ಯಾರಾದ್ರೂ ಹೇಳ್ತೀರಾ?

ಏಲಕ್ಕಿ ಹಾರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಹಾವೇರಿ ಕಡೆಯವನು ನಾನು. ಧಾರವಾಡದಲ್ಲಿ ರಾಜ್ಯಶಾಸ್ತ್ರದ ಎಂ.ಎ. ಮುಗಿಸಿ ಎರಡು ವರ್ಷ ಆಗ್ತಾ ಬಂತು. ಸಪ್ತಾಪುರದಲ್ಲಿ ಮೂರು ಜನ ಸೇರಿ ರೂಮ್ ಮಾಡಿಕೊಂಡು ಕೆಎಎಸ್, ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅಂತ ಓದ್ತಾ ಇದ್ದೀವಿ. ಪರೀಕ್ಷೆ ದಿನಾಂಕ ಮುಂದಕ್ಕೆ ಹೋಗ್ತಾನೇ ಇದೆ, ಅಪ್ಪನ ಫೋನ್ ಮಾತ್ರ ಸರಿಯಾದ ಟೈಮಿಗೆ ಬರುತ್ತೆ.

ಕಳೆದ ವಾರ ಒಂದು ಸಂಶೋಧನಾ ಸಂಸ್ಥೆಯಿಂದ ಕೆಲಸದ ಪತ್ರ ಬಂತು. ಹುದ್ದೆ ಸಂಶೋಧನಾ ಸಹಾಯಕ. ವಿಷಯ ‘ನಾಗರಿಕ ಪಾಲ್ಗೊಳ್ಳುವಿಕೆ ಮತ್ತು ಸಾಮಾಜಿಕ ಉತ್ತರದಾಯಿತ್ವ’. 11 ತಿಂಗಳ ಕರಾರು, ತಿಂಗಳಿಗೆ 26,000, ಕೊಪ್ಪಳ ರಾಯಚೂರು ಕಡೆ ತಿರುಗಾಟ. ಗ್ರಾಮಸಭೆ, ಉದ್ಯೋಗ ಖಾತ್ರಿ ಕೆಲಸ, ಕುಡಿಯುವ ನೀರು ಇದರ ಮೇಲೆ ಅಧ್ಯಯನ, ಸೋಷಿಯಲ್ ಆಡಿಟ್ (ಸರ್ಕಾರಿ ಖರ್ಚಿನ ಲೆಕ್ಕವನ್ನ ಜನರೇ ಪರಿಶೀಲಿಸೋದು) ಅಂತೆ.

ಅಪ್ಪನಿಗೆ ಹುದ್ದೆ ಹೆಸರು ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಉತ್ತರದಾಯಿತ್ವ ಅಂದ್ರ ಏನೋ ಅದು? ದಾಯಾದಿ ಜಗಳ ಬಿಡಸೋ ಕೆಲಸೇನು?’ ಅಂದ್ರು. ಮಾಡಿದ ಕೆಲಸಕ್ಕೆ ಜನರಿಗೆ ಉತ್ತರ ಕೊಡೋದು ಅಂತ ಗೊತ್ತಿತ್ತು, ಆದ್ರೆ ನನಗೂ ಸರಿಯಾಗಿ ಬಿಡಿಸಿ ಹೇಳೋಕೆ ಬರಲಿಲ್ಲ.

ಈ ಕೆಲಸದಲ್ಲಿ ಬೆಳಗಿನಿಂದ ಸಂಜೆ ತನಕ ಮಾಡೋದು ಏನು? ಹತ್ತು ವರ್ಷ ಆದಮೇಲೆ ಮನುಷ್ಯ ಎಲ್ಲಿರ್ತಾನೆ? ಪಿಎಚ್.ಡಿ. ಬೇಕೇ ಬೇಕಾ? ಇದರಿಂದ ಏನಾದ್ರೂ ಬದಲಾಗಿದ್ದನ್ನ ಕಣ್ಣಾರೆ ನೋಡಿದೋರು ಇದ್ದೀರಾ? ಪುಸ್ತಕದ ಉತ್ತರ ಬೇಡ, ಅದು ನನ್ನ ಹತ್ರಾನೇ ಇದೆ.

ಬಿ ಖಾತಾ

ಸೇರಿ ಗುರು, ಕೊನೇ ಪಕ್ಷ ಊರು ನೋಡಿದ ಹಾಗಾಗುತ್ತೆ.

ನಾನು ಬೆಂಗಳೂರಿನವನು, ಕೆಲಸ ಸಾಫ್ಟ್‌ವೇರು, ಹವ್ಯಾಸ ‘ನಾಗರಿಕ ಪಾಲ್ಗೊಳ್ಳುವಿಕೆ’. 2019ರಲ್ಲಿ ನಮ್ಮ ವಾರ್ಡ್ ಸಮಿತಿ ಸಭೆಗೆ ತಪ್ಪದೇ ಹೋಗ್ತಿದ್ದೆ. ತಿಂಗಳ ಮೊದಲ ಶನಿವಾರ ಬೆಳಗ್ಗೆ ಸಭೆ. ಐದು ಸಭೆಯಲ್ಲೂ ಬಂದಿದ್ದು ಹೆಚ್ಚೂ ಕಡಿಮೆ ಅದೇ 14 ಮುಖ, ಅದೇ ಮೂರು ಅಪಾರ್ಟ್‌ಮೆಂಟು. ಚರ್ಚೆ ಏನು ಅಂದ್ರೆ ಬೀದಿನಾಯಿ, ಕಸ, ಫುಟ್‌ಪಾತ್ ಮೇಲಿನ ತಳ್ಳುಗಾಡಿ. ತಳ್ಳುಗಾಡಿಯೋರು ಒಬ್ರೂ ಸಭೆಗೆ ಬಂದಿರಲಿಲ್ಲ. ಹೇಗೆ ಬರ್ತಾರೆ, ಆ ಹೊತ್ತಿಗೆ ಅವರು ಇಡ್ಲಿ ಮಾರ್ತಾ ಇರ್ತಾರೆ. ಗಾಡಿ ತೆಗೆಸಬೇಕು ಅಂತ ತೀರ್ಮಾನ ಬರೆಸಿ ನಾವೆಲ್ಲ ಹೋಗಿ ಅಲ್ಲೇ ಇಡ್ಲಿ ತಿಂದ್ವಿ.

2020ರ ಸೆಪ್ಟೆಂಬರಲ್ಲಿ ಕಾರ್ಪೊರೇಟರ್‌ಗಳ ಅವಧಿ ಮುಗೀತು. ನಮ್ಮ ಉತ್ಸಾಹಾನೂ ಅಲ್ಲಿಗೇ ಮುಗೀತು ಅನ್ನಿ.

ಕಾಲುವೆ ಕೊನೆ

ಏಲಕ್ಕಿ ಹಾರ ಅವರೇ, ನಿಮ್ಮ ಅಪ್ಪನ ಪ್ರಶ್ನೆ ಓದಿ ಒಬ್ಬಳೇ ನಕ್ಕೆ. ನಾನು ಕೊಪ್ಪಳ ಜಿಲ್ಲೆಯವಳು, ಈ ಕೆಲಸಕ್ಕೆ ಬಂದು 19 ವರ್ಷ. ಮೊದಲ ಕೆಲಸ ಸಿಕ್ಕಾಗ ಮನೆಯಲ್ಲಿ ‘ಸರ್ವೆ ಕೆಲಸ’ ಅಂದಿದ್ದೆ. ಊರಲ್ಲಿ ಬಹಳ ವರ್ಷ ನಾನು ‘ಸರ್ವೆ ಮೇಡಂ’. ಹೊಲದ ಹದ್ದುಬಸ್ತಿಗೆ ಬರ್ರಿ ಅಂತ ಇಬ್ಬರು ಮನೆತನಕ ಬಂದಿದ್ದರು.

ಬೆಳಗಿನಿಂದ ಸಂಜೆ ತನಕ ಏನು ಮಾಡ್ತೀರಿ ಅಂತ ಕೇಳಿದ್ದೀರಿ. ಮೊದಲ ಎರಡು ವರ್ಷ ನಾನು ಮಾಡಿದ್ದು ಫಾರಂ ತುಂಬೋದು. ತುಂಬಿದ ಒಂದು ಫಾರಂಗೆ 35 ರೂಪಾಯಿ. ಜನ ಸರ್ಕಾರಿ ಸೇವೆಗಳಿಗೆ ಅಂಕ ಕೊಡೋ ಸಮೀಕ್ಷೆ ಅದು. ನೀರು, ರೇಷನ್, ಆಸ್ಪತ್ರೆ, ಶಾಲೆ ಪ್ರತಿಯೊಂದಕ್ಕೂ ‘ಪೂರ್ಣ ತೃಪ್ತಿ’ಯಿಂದ ‘ಪೂರ್ಣ ಅತೃಪ್ತಿ’ ತನಕ ಐದು ಮನೆ.

ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಯ ಕಡೆಯ ಒಂದು ಊರು. ಮೇ ತಿಂಗಳು. ಒಬ್ಬ ಮುದುಕಿ ಕಟ್ಟೆ ಮೇಲೆ ಕೂತು ಶೇಂಗಾ ಬಿಡಿಸುತ್ತಿದ್ದಳು. ‘ನೀರಿನ ವ್ಯವಸ್ಥೆ ನಿಮಗೆ ತೃಪ್ತಿ ಆಗಿದೆಯಾ?’ ಅಂದೆ. ‘ಚಲೋ ಐತ್ರಿ.’ ರೇಷನ್? ‘ಚಲೋ ಐತ್ರಿ.’ ಆಸ್ಪತ್ರೆ? ‘ಅದೂ ಚಲೋ ಐತ್ರಿ.’ ನಾನು ಖುಷಿಯಾಗಿ ಮೊದಲ ಮನೆಗೆ ಗುರುತು ಹಾಕುತ್ತಾ ಹೋದೆ, ಬೇಗ ಮುಗಿಯುತ್ತೆ ಅಂತ. ಎದ್ದು ಹೊರಡುವಾಗ ಪಕ್ಕದ ನಲ್ಲಿ ಕಣ್ಣಿಗೆ ಬಿತ್ತು. ಅದರ ಬಾಯಿಗೆ ಜೇಡ ಬಲೆ ಕಟ್ಟಿತ್ತು. ‘ಅಜ್ಜಿ, ಇದರಾಗ ನೀರು ಬಂದು ಎಷ್ಟು ದಿನ ಆತು?’ ಅಂದರೆ, ‘ಕಾರಹುಣ್ಣಿಮಿಗೆ ವರ್ಷ ಆಕ್ಕೈತಿ’ ಅಂದಳು. ಮತ್ತೆ ಚಲೋ ಐತಿ ಅಂದ್ಯಲ್ಲ? ‘ಬಿಸಲಾಗ ಬಂದೀಯವ್ವ. ನಿನಗ ಕೆಟ್ಟದ್ದು ಹೇಳಿ ಕಳಿಸ್ಲೇನು?’

ಆ ದಿನದ 11 ಫಾರಂ ಹರಿದು ಹಾಕಿದೆ. 385 ರೂಪಾಯಿ ಹೋಯಿತು. ನಮ್ಮ ಜನ ಮನೆಬಾಗಿಲಿಗೆ ಬಂದವರಿಗೆ ಅತೃಪ್ತಿಯನ್ನು ಬಡಿಸುವುದಿಲ್ಲ. ಆಮೇಲಿಂದ ನಾನು ಬರೆದ ಯಾವ ಪ್ರಶ್ನಾವಳಿಯಲ್ಲೂ ‘ತೃಪ್ತಿ’ ಅನ್ನೋ ಪದ ಮೊದಲಿಗೆ ಬಂದಿಲ್ಲ. ನಿನ್ನೆ ನೀರು ಎಷ್ಟೊತ್ತಿಗೆ ಬಂತು? ಎಷ್ಟು ಕೊಡ ಹಿಡಿದಿರಿ? ಹಿಡಿದವರು ಯಾರು? ಅವತ್ತು ಅವರು ಕೂಲಿಗೆ ಹೋದರಾ? ಈ ನಾಲ್ಕು ಕೇಳಿದರೆ ತೃಪ್ತಿ ಅತೃಪ್ತಿ ಎರಡೂ ತಾವಾಗಿಯೇ ಹೊರಗೆ ಬರುತ್ತವೆ.

ಈ ಅಂಕ ಹಾಕಿಸುವ ಪದ್ಧತಿಗೆ ತವರು ನಮ್ಮ ಬೆಂಗಳೂರೇ. ಐಐಎಂ ಅಹಮದಾಬಾದಿನ ನಿರ್ದೇಶಕರಾಗಿದ್ದ ಸ್ಯಾಮ್ಯುಯೆಲ್ ಪಾಲ್ 1994ರಲ್ಲಿ ನಗರದ ಸೇವೆಗಳ ಮೇಲೆ ನಾಗರಿಕರ ಅಂಕಪಟ್ಟಿ ಹೊರತಂದರು. ಅದೇ ವರ್ಷ ಡಿಸೆಂಬರಲ್ಲಿ ರಾಜಸ್ಥಾನದ ಪಾಲಿ ಜಿಲ್ಲೆಯ ಕೋಟ್ ಕಿರಾಣಾದಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು ಮೊದಲ ಜನ ಸುನ್ವಾಯಿ (ಊರವರ ಮುಂದಿನ ಬಹಿರಂಗ ವಿಚಾರಣೆ) ನಡೆಸಿದರು. ಊರ ಕಾಮಗಾರಿಯ ಬಿಲ್ಲು, ಹಾಜರಿ ಪಟ್ಟಿ ತಂದು ಊರವರ ಮುಂದೆಯೇ ಗಟ್ಟಿಯಾಗಿ ಓದಿದರು. ಒಂದೇ ವರ್ಷ, ಎರಡು ದಾರಿ. ಇಲ್ಲಿ ಅರ್ಥಶಾಸ್ತ್ರಜ್ಞರು ಮನೆಮನೆಗೆ ಹೋಗಿ ಕೇಳಿ ಸಂಖ್ಯೆ ಮಾಡಿದರು, ಅಲ್ಲಿ ಕೂಲಿಯವರು ಕಾಗದ ಕೇಳಿ ಪಡೆದು ಓದಿದರು. ನಿಮಗೆ ಬಂದಿರುವ ಹುದ್ದೆಯ ಉದ್ದನೆಯ ಹೆಸರು ಈ ಎರಡರ ಕೂಸು. ಮೊದಲನೆಯದರಲ್ಲಿ ಶುರು ಮಾಡಿ ಎರಡನೆಯದಕ್ಕೆ ಬಂದವಳು ನಾನು.

ಬಂದದ್ದು ಹೀಗೆ. ಉದ್ಯೋಗ ಖಾತ್ರಿ 2006ರಲ್ಲಿ ಶುರುವಾದಾಗ ಕರ್ನಾಟಕದ ಮೊದಲ ಐದು ಜಿಲ್ಲೆಗಳಲ್ಲಿ ರಾಯಚೂರು ಒಂದು. ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಆ ಕಾಮಗಾರಿಗಳ ಸೋಷಿಯಲ್ ಆಡಿಟ್ ಮಾಡಬೇಕಾದದ್ದು ಗ್ರಾಮಸಭೆಯೇ. ಎನ್‌ಎಂಆರ್ (ಕೂಲಿಕಾರರ ಹಾಜರಿ ಪಟ್ಟಿ), ಬಿಲ್ಲು, ಓಚರು, ಅಳತೆ ಪುಸ್ತಕ ಎಲ್ಲ ಪಂಚಾಯಿತಿ ಕೊಡಬೇಕಿತ್ತು. ನಾನು ಒಂದು ಅಧ್ಯಯನದ ಪರವಾಗಿ ಅಂಥ ಆಡಿಟ್ ತಂಡಗಳ ಜೊತೆ ಸೇರಿದೆ.

ಆವಾಗಿನ ದಿನಚರಿ ಹೇಳಿದರೆ ನಿಮಗೆ ಕೆಲಸ ಅರ್ಥವಾದೀತು. ಮೊದಲ ದಿನ ಕಡತ ಕೇಳೋದು. ಬೀರುವಿನ ಕೀಲಿ ಯಾವಾಗಲೂ ರಜೆಯಲ್ಲಿರುವವರ ಹತ್ತಿರವೇ ಇರುತ್ತದೆ, ಅದಕ್ಕೆ ಊಟದ ಡಬ್ಬಿ ತಗೊಂಡು ಹೋಗಿ. ಕಡತ ಸಿಕ್ಕ ಮೇಲೆ ಎನ್‌ಎಂಆರ್ ನಕಲು ಮಾಡಿಕೊಂಡು ಮನೆಮನೆಗೆ ಹೋಗಿ ಜಾಬ್ ಕಾರ್ಡ್ ತಾಳೆ ನೋಡೋದು. ಬಿಸಿಲು ಏರೋ ಮೊದಲು ಹೊಲಕ್ಕೆ ಹೋಗಿ ಬದು, ಕೃಷಿ ಹೊಂಡ ಅಳೆಯೋದು. ಕೊನೆಗೆ ಸಭೆ. ಸಭೆಯಲ್ಲಿ ಎನ್‌ಎಂಆರ್ ಓದೋದಕ್ಕೂ ಒಂದು ಹದ ಇದೆ. ಹೆಸರು, ಯಾವ ಕೆಲಸ, ಎಷ್ಟು ದಿನ, ಎಷ್ಟು ದುಡ್ಡು, ನಾಲ್ಕನ್ನೂ ಒಂದೇ ಉಸಿರಿಗೆ ಓದಬೇಕು. ಬರೀ ಹೆಸರು ಓದಿದರೆ ಜನ ಮಂಡಕ್ಕಿ ತಿನ್ನುತ್ತಾ ಕೂತಿರುತ್ತಾರೆ, ದುಡ್ಡು ಕಿವಿಗೆ ಬಿದ್ದಾಗಲೇ ತಲೆ ಎತ್ತೋದು.

2011ರಲ್ಲಿ ಅಂಥ ಒಂದು ಸಭೆ, ಹನುಮಪ್ಪನ ಗುಡಿ ಕಟ್ಟೆ ಮೇಲೆ. ಹುಲಿಗೆಮ್ಮ ಅಂತಿಟ್ಟುಕೊಳ್ಳಿ, ಆಕೆಯ ನಿಜವಾದ ಹೆಸರು ಅದಲ್ಲ. ಕೆರೆ ಹೂಳೆತ್ತಿದ್ದಕ್ಕೆ ಆಕೆಯ ಹೆಸರಲ್ಲಿ 42 ದಿನದ ಹಾಜರಿ ಓದಿದೆವು. ಹಿಂದಿನ ಸಾಲಿನಿಂದ ಎದ್ದು ನಿಂತಳು. ‘ಆ ದಿನ ನಾ ಬೆಂಗಳೂರಾಗ ಸಿಮೆಂಟ್ ಹೊತ್ತೀನ್ರಿ. ಇಲ್ಲಿ ನನ್ನ ಕೈಯಾಗ ಗುದ್ದಲಿ ಹಿಡಿಸಿದವರ್ಯಾರು?’ ಗುಳೆ ಹೋಗುವಾಗ ಕಳೆದೀತು ಅಂತ ಜಾಬ್ ಕಾರ್ಡು, ಪಾಸ್‌ಬುಕ್ಕು ಎರಡನ್ನೂ ಕೆಲಸದ ಮೇಟ್ (ಕೂಲಿಕಾರರ ಮೇಲ್ವಿಚಾರಕ) ಕೈಯಲ್ಲಿ ಕೊಟ್ಟು ಹೋಗಿದ್ದಳಂತೆ. ಆತ ಅಲ್ಲೇ ಕೂತಿದ್ದ. ಗದ್ದಲ ಆಯಿತು. ನೋಡಲ್ ಅಧಿಕಾರಿ ನಡಾವಳಿ ಪುಸ್ತಕದಲ್ಲಿ ‘ಪರಿಶೀಲಿಸಿ ಕ್ರಮ ಕೈಗೊಳ್ಳಲು ಸೂಚಿಸಲಾಯಿತು’ ಅಂತ ಬರೆಸಿದರು. ನಾನು ಆಕೆಯ ಮಾತನ್ನು ಅಕ್ಷರ ಬಿಡದೆ ಬರೆದುಕೊಂಡೆ. ವರದಿಯಲ್ಲಿ ಅದನ್ನು ಒಂದು ಚೌಕಟ್ಟಿನೊಳಗೆ ಹಾಕಿದೆವು. ದಿಲ್ಲಿಯ ಒಂದು ಕಾರ್ಯಾಗಾರದಲ್ಲಿ ಅದನ್ನು ಇಂಗ್ಲಿಷಿಗೆ ತಿರುಗಿಸಿ ಓದಿದಾಗ ಚಪ್ಪಾಳೆ ಬಿತ್ತು. ಸುಳ್ಳು ಯಾಕೆ, ನನಗೆ ಬಹಳ ಹೆಮ್ಮೆ ಆಗಿತ್ತು.

ನಾಲ್ಕು ತಿಂಗಳ ಮೇಲೆ ಬೇರೆ ಕೆಲಸಕ್ಕೆ ಆ ಕಡೆ ಹೋದಾಗ ಆಕೆಯ ಮನೆಗೆ ಹೋದೆ. ಹಾಲಿಲ್ಲದ ಚಾ ಕೊಟ್ಟಳು. ಅಂಗಡಿಯಲ್ಲಿ ಉದ್ರಿ ನಿಲ್ಲಿಸಿದ್ದರು, ಅಂಗಡಿ ಆ ಮೇಟ್‌ನ ಅಣ್ಣನದು. ಕೆಲಸ ಕೇಳಿ ನಮೂನೆ 6 ಕೊಡಲು ಹೋದರೆ ‘ಈಗ ಕೆಲಸ ಇಲ್ಲ’ ಅಂತ ಬಾಯಲ್ಲೇ ಹೇಳಿ ಕಳಿಸುತ್ತಿದ್ದರು. ಇಷ್ಟೆಲ್ಲ ನಾನು ಕೆದಕಿ ಕೇಳಿದ್ದಕ್ಕೆ ಹೇಳಿದಳು, ದೂರಲಿಲ್ಲ. ಆಕೆಯಾಗಿ ಕೇಳಿದ್ದು ಒಂದೇ ಮಾತು.

‘ಆ ಕಾಗದ ಎಲ್ಲಿ ಮಟ ಬಂತ್ರಿ ಅಕ್ಕಾರ?’

ನನಗೆ ಗೊತ್ತಿರಲಿಲ್ಲ. ಕಾಗದ ಅಂದರೆ ಆ ನಡಾವಳಿಯ ಸಾಲು. ಅದು ತಾಲ್ಲೂಕಿಗೆ ಹೋಯಿತೋ, ಜಿಲ್ಲೆಗೆ ಹೋಯಿತೋ, ಬೀರುವಿನಲ್ಲೇ ಇತ್ತೋ, ವಿಚಾರಿಸುವುದು ನನ್ನ ಕೆಲಸ ಅಂತ ಒಮ್ಮೆಯೂ ಅನ್ನಿಸಿರಲಿಲ್ಲ. ನನ್ನ ವರದಿ ಮುಗಿದಿತ್ತು, ಪ್ರಾಜೆಕ್ಟ್ ಮುಗಿದಿತ್ತು.

ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಹಚ್ಚಿ ಮಾಹಿತಿ ಹಕ್ಕಿನ ಅರ್ಜಿ ಹಾಕಿದೆ. 30 ದಿನ ಕಳೆದರೂ ಉತ್ತರ ಇಲ್ಲ. ಮೇಲ್ಮನವಿ ಹಾಕಿದೆ. ಸೋಷಿಯಲ್ ಆಡಿಟ್‌ನ ಆಕ್ಷೇಪಣೆಗೆ ಅನುಪಾಲನಾ ವರದಿ (ಏನು ಕ್ರಮ ಆಯಿತು ಅಂತ ಹೇಳೋದು) ಅಂತ ಒಂದು ಇರುತ್ತೆ, ಅದನ್ನು ಯಾರು ಬರೆಯಬೇಕು, ಯಾರ ಸಹಿ ಬೇಕು, ಯಾವ ಸಭೆಯಲ್ಲಿ ಆಕ್ಷೇಪಣೆಯನ್ನು ‘ಕೈಬಿಡಲಾಗಿದೆ’ ಅಂತ ಬರೆದು ಮುಗಿಸುತ್ತಾರೆ, ಎಲ್ಲ ಕಲಿತದ್ದು ಆ 14 ತಿಂಗಳಲ್ಲಿ. ಕೊನೆಗೆ ಹಣ ವಸೂಲಾಯಿತು. ಅದು ಹೋದದ್ದು ಯೋಜನೆಯ ಖಾತೆಗೆ, ಸರಿಯೇ, ಆಕೆ ಮಾಡದ ಕೆಲಸದ ಹಣ ತಾನೆ. ಆದರೆ ಆಕೆಗೆ ಬೇಕಿದ್ದದ್ದು ಕೆಲಸ. 22 ಹೆಂಗಸರು ಒಟ್ಟಿಗೆ ನಮೂನೆ 6 ಕೊಟ್ಟು, ದಿನಾಂಕ ಹಾಕಿದ ಸ್ವೀಕೃತಿ ಕೊಡೋ ತನಕ ಪಂಚಾಯಿತಿ ಮೆಟ್ಟಿಲು ಇಳಿಯಲಿಲ್ಲ. ಆ ಚೀಟಿ ಕೈಯಲ್ಲಿದ್ದರೆ 15 ದಿನದೊಳಗೆ ಕೆಲಸ ಕೊಡಬೇಕಿತ್ತು, ಇಲ್ಲವಾದರೆ ನಿರುದ್ಯೋಗ ಭತ್ಯೆ. ಚೀಟಿ ಇಲ್ಲದಿದ್ದರೆ ನೀವು ಕೇಳಿಯೇ ಇಲ್ಲ ಎಂದು ಲೆಕ್ಕ. ಹನ್ನೊಂದನೇ ದಿನಕ್ಕೆ ಕೆಲಸ ಸಿಕ್ಕಿತು. ಆ ಮೆಟ್ಟಿಲ ಮೇಲೆ ನಾನಿರಲಿಲ್ಲ, ಅಲ್ಲಿನ ಕೂಲಿಕಾರರ ಸಂಘಟನೆಯ ಹೆಂಗಸರಿದ್ದರು. ನನ್ನ ಪಾಲು ನಮೂನೆಯ ಜೆರಾಕ್ಸ್ ಖರ್ಚು.

ಏನಾದರೂ ಬದಲಾಗಿದ್ದು ನೋಡಿದ್ದೀರಾ ಅಂದರೆ ಇದೇ ನಾನು ನೋಡಿದ್ದು, ಇಷ್ಟು ಗಾತ್ರದ್ದು. ಇಂಥವು ಈ 19 ವರ್ಷದಲ್ಲಿ ಎಣಿಸಿದರೆ ಹನ್ನೆರಡೋ ಹದಿಮೂರೋ ಆಗಬಹುದು.

ಸಂಬಳ, ಕರಾರಿನ ವಿಷಯ ನಾಳೆ ಬರೆಯುತ್ತೇನೆ. ಈಗ ಬಸ್ಸಿನಲ್ಲಿದ್ದೇನೆ, ಲಿಂಗಸುಗೂರು ದಾಟಿದರೆ ನೆಟ್‌ವರ್ಕ್ ಇರಲ್ಲ.

ನಿವೃತ್ತ ಕಾರ್ಯದರ್ಶಿ

ಮೇಲಿನ ಮೇಡಂ ಬರೆದದ್ದನ್ನು ಎರಡು ಸಲ ಓದಿದೆ. ‘ಬೀರುವಿನ ಕೀಲಿ ರಜೆಯಲ್ಲಿರುವವರ ಹತ್ತಿರ’ ಎಂಬ ಮಾತು ನನಗೇ ಹೇಳಿದಂತಿತ್ತು. ಮಂಡ್ಯ, ಹಾಸನ ಕಡೆ 31 ವರ್ಷ ಪಂಚಾಯಿತಿ ಕಾರ್ಯದರ್ಶಿಯಾಗಿದ್ದೆ. ನಮ್ಮ ಕಡೆಯದೂ ಸ್ವಲ್ಪ ಕೇಳಿ.

ಆಡಿಟ್ ತಂಡ ಬರುವ ದಿನ ಒಬ್ಬ ಪಿಡಿಒ ಎರಡು ಪಂಚಾಯಿತಿಯ ಚಾರ್ಜಿನಲ್ಲಿರುತ್ತಾರೆ. ಅಳತೆ ಪುಸ್ತಕ ಎಂಜಿನಿಯರ್ ಬ್ಯಾಗಿನಲ್ಲಿ, ಎಂಜಿನಿಯರ್ ಮೂರನೇ ಪಂಚಾಯಿತಿಯಲ್ಲಿ. ಕಂಪ್ಯೂಟರ್ ಆಪರೇಟರಿಗೆ ಎರಡು ತಿಂಗಳು ಸಂಬಳವಾಗಿರುವುದಿಲ್ಲ. ತಪ್ಪುಗಳಲ್ಲಿ ಅರ್ಧ ಕಳ್ಳತನ, ಅರ್ಧ ಧಾವಂತ. ಹೊರಗಿನಿಂದ ಬಂದವರಿಗೆ ಎರಡೂ ಒಂದೇ ಥರ ಕಾಣುತ್ತವೆ. ಯಾವುದು ಯಾವುದೆಂದು ಬಿಡಿಸಿ ನೋಡಲು ಕಲಿತರೆ ಹುಡುಗ ಒಳ್ಳೆಯ ಸಂಶೋಧಕನಾಗುತ್ತಾನೆ.

ಇನ್ನೊಂದು. ನಮ್ಮಲ್ಲಿ ಜಮಾಬಂದಿ ಎಂದು ಇದೆ. ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರೊಳಗೆ ಪಂಚಾಯಿತಿಯ ಹಿಂದಿನ ಸಾಲಿನ ಲೆಕ್ಕ, ಕಾಮಗಾರಿ ಎಲ್ಲವನ್ನೂ ಜನರ ಎದುರಿಗೆ ತೆರೆದಿಡಬೇಕು. ಸ್ಥಳಕ್ಕೂ ಹೋಗಿ ನೋಡಬಹುದು. ನನ್ನ ಸೇವೆಯಲ್ಲಿ ಜಮಾಬಂದಿಗೆ ಬಂದ ಜನ ಎಷ್ಟು ಎಂದರೆ, ಕುರ್ಚಿ ಬಾಡಿಗೆಗೆ ತರುವ ಪ್ರಸಂಗವೇ ಬರಲಿಲ್ಲ.

ನನ್ನನ್ನು ನಿಜವಾಗಿ ಹೆದರಿಸಿದ್ದು ಒಂದೇ ಒಂದು ಸಲ. ‘ಎಲ್ಲಾ ಕಳ್ಳರು’ ಎಂದು ಕೂಗುವವರಿಗೆ ನಾವು ಹೆದರುವುದಿಲ್ಲ, ಅವರಿಗೆ ಒಂದು ಕಾಫಿ ಸಾಕು. ಆ ಸಲ ಒಬ್ಬ ಮುದುಕರು ಬಂದರು, ಹಳೆಯ ನೀರುಗಂಟಿ. ಕೈಯಲ್ಲಿ ಗೋಡೆ ಕ್ಯಾಲೆಂಡರು, ಮೊಳೆಯಿಂದ ಕಿತ್ತು ಸುರುಳಿ ಸುತ್ತಿ ತಂದಿದ್ದರು. ಬೋರ್‌ವೆಲ್ ಮೋಟಾರು ಸುಟ್ಟು ರಿವೈಂಡಿಂಗ್‌ಗೆ ಹೋದ ದಿನಗಳಿಗೆಲ್ಲ ಪೆನ್ಸಿಲಿನಲ್ಲಿ ಸುತ್ತು ಹಾಕಿದ್ದರು. ಮೂರು ಸುತ್ತು. ನಮ್ಮ ರಿಜಿಸ್ಟರಿನಲ್ಲಿ ಐದು ಬಿಲ್ಲು. ‘ಸ್ವಾಮಿ, ಇನ್ನೆರಡು ಸಲ ಯಾವಾಗ ಸುಟ್ಟಿತು ಹೇಳಿ, ಸುತ್ತು ಹಾಕ್ಕೋತೀನಿ’ ಎಂದರು, ಅಷ್ಟೇ. ಆ ಬಿಲ್ಲಿನಲ್ಲಿ ನನ್ನ ಸಹಿಯೂ ಇತ್ತು. ಫ್ಯಾನು ತಿರುಗುತ್ತಿದ್ದರೂ ಬೆವತೆ. ಒಂದು ಬಿಲ್ಲು ಪಕ್ಕದ ಹಳ್ಳಿಯ ಮೋಟಾರಿನದು, ತಪ್ಪಾಗಿ ಇಲ್ಲಿಗೆ ಹತ್ತಿತ್ತು, ದಾಖಲೆ ತೋರಿಸಿದೆ. ಇನ್ನೊಂದಕ್ಕೆ ಉತ್ತರ ಇರಲಿಲ್ಲ. ಆ ದುಡ್ಡು ಯಾರ ಜೇಬಿಗೆ ಹೋಯಿತೆಂದು ನನಗೆ ಗೊತ್ತಿತ್ತು, ಹೇಳಲಿಲ್ಲ. ನನ್ನ ಪಾಲಿನ ದಂಡ ಕಟ್ಟಿದೆ.

ತಮ್ಮಾ, ಊರಿಗೆ ಹೋದಾಗ ಅಂಥ ಕ್ಯಾಲೆಂಡರು ಯಾರ ಮನೆಯಲ್ಲಿದೆ ಎಂದು ಮೊದಲು ಹುಡುಕು.

ಕುಂದಾಪ್ರ ಮಾಣಿ

ಮಕ್ಕಳ ಗ್ರಾಮಸಭೆ ಬಗ್ಗೆ ಯಾರೂ ಹೇಳ್ಲಿಲ್ಲ ಅಲ್ದಾ? ನಾನು ಒಂಬತ್ತನೇ ಕ್ಲಾಸಲ್ಲಿದ್ದಾಗ ನಮ್ಮ ಶಾಲೆಯಿಂದ ಹೋಗಿದ್ದೆವು. ಶಾಲೆಗೆ ಬರುವ ದಾರಿಯ ಕಾಲುಸಂಕ ಎಷ್ಟು ಉದ್ದ, ಮಳೆಗಾಲದಲ್ಲಿ ನೀರು ಎಷ್ಟು ಅಡಿ ಏರುತ್ತೆ, ಎಷ್ಟು ಮಕ್ಕಳು ದಾಟ್ತಾರೆ ಅಂತ ನಾವೇ ಲೆಕ್ಕ ತೆಗೆದು ಚಾರ್ಟ್ ಶೀಟಲ್ಲಿ ಬರೆದಿದ್ದೆವು. ಅಧ್ಯಕ್ಷರು ‘ಮಕ್ಳೇ, ಅನುದಾನ ಬಂದ ಕೂಡಲೇ’ ಅಂದ್ರು. ಒಂದು ಹುಡುಗಿ ಎದ್ದು ‘ಯಾವ ತಿಂಗಳು ಅಂತ ಬರೆದುಕೊಡಿ ಸಾರ್’ ಅಂದ್ಲು. ಬರೆದುಕೊಟ್ರು! ಸಂಕ ಆಯ್ತು, ಬರೆದ ತಿಂಗಳಿಗಲ್ಲ, ಮರುವರ್ಷದ ಮಳೆಗೆ. ಆ ಹುಡುಗಿ ಈಗ ವಕೀಲೆ.

ಏಲಕ್ಕಿ ಹಾರ

ಎಲ್ಲರಿಗೂ ಧನ್ಯವಾದ. ನಿವೃತ್ತ ಕಾರ್ಯದರ್ಶಿ ಸರ್, ಕ್ಯಾಲೆಂಡರ್ ಕತೆಯನ್ನ ರೂಮಲ್ಲಿ ಓದಿ ಹೇಳಿದೆ. ಪಿಡಿಒ ಪರೀಕ್ಷೆ ಕಟ್ಟಿರೋ ರೂಮ್‌ಮೇಟ್ ಮುಖ ಸಣ್ಣದಾಯ್ತು.

ಕಾಲುವೆ ಕೊನೆ ಮೇಡಂ, ಸಂಬಳ ಮತ್ತು ಪಿಎಚ್.ಡಿ. ವಿಷಯ ನೀವು ಬರೆಯೋದು ಬಾಕಿ ಇದೆ. ಇನ್ನೊಂದು ಅನುಮಾನ, ಬೇಜಾರಾಗಬೇಡಿ. 19 ವರ್ಷಕ್ಕೆ ಹದಿಮೂರು ಅಂದ್ರೆ ಕಡಿಮೆ ಆಯ್ತಲ್ವಾ? ಅದೇ 19 ವರ್ಷ ನೀವು ಪಿಡಿಒ ಆಗಿದ್ದಿದ್ರೆ?

ಕಾಲುವೆ ಕೊನೆ

ಬೇಜಾರಿಲ್ಲ. ಪಿಡಿಒ ಆಗಿದ್ದರೆ ಇನ್ನೂ ಹೆಚ್ಚು ಮಾಡಬಹುದಿತ್ತೇನೋ, ಒಳ್ಳೆಯ ಪಿಡಿಒಗಳನ್ನು ನೋಡಿದ್ದೇನೆ. ಪರೀಕ್ಷೆ ಪಾಸಾದರೆ ಅಲ್ಲಿಗೇ ಹೋಗಿ, ನನ್ನ ಆಕ್ಷೇಪಣೆ ಇಲ್ಲ. ನಾನು ಒಮ್ಮೆ ಬರೆದು ಫೇಲಾದವಳು, ಆ ಕತೆ ಬೇಡ.

ದುಡ್ಡಿನ ವಿಷಯ. 26,000 ಅಂದರೆ ಹೊಸಬರಿಗೆ ಈಗ ಸಾಮಾನ್ಯವಾಗಿ ಕೊಡುವುದೇ. 11 ತಿಂಗಳ ಕರಾರು ಅಂದರೆ ಹನ್ನೆರಡನೇ ತಿಂಗಳು ಮನೆಯಲ್ಲಿ ಕೂರಲು ಸಿದ್ಧವಾಗಿರಿ. ನಾನು ಒಟ್ಟು ಒಂಬತ್ತು ಕರಾರುಗಳಲ್ಲಿ ದುಡಿದಿದ್ದೇನೆ, ಮಧ್ಯೆ ಒಮ್ಮೆ ಏಳು ತಿಂಗಳು ಖಾಲಿ. ಅದು 2020-21. ಕೊರೊನಾ ಒಂದು ಕಡೆ. ಇನ್ನೊಂದು ಕಡೆ ಆ ಸೆಪ್ಟೆಂಬರಲ್ಲಿ ವಿದೇಶಿ ದೇಣಿಗೆ ಕಾಯ್ದೆಗೆ ತಿದ್ದುಪಡಿ ಬಂತು. ಹೊರಗಿನಿಂದ ಹಣ ಪಡೆದ ಸಂಸ್ಥೆ ಅದನ್ನು ಇನ್ನೊಂದು ಸಂಸ್ಥೆಗೆ ಹಂಚುವ ಹಾಗಿಲ್ಲ, ಆಡಳಿತ ವೆಚ್ಚ 50ರಿಂದ ಶೇ 20ಕ್ಕೆ ಇಳಿಯಿತು. ಜಿಲ್ಲೆಯಲ್ಲಿ ನಾಲ್ಕು ಜನ ಇಟ್ಟುಕೊಂಡು ಕೆಲಸ ಮಾಡುತ್ತಿದ್ದ ಸಣ್ಣ ಸಂಸ್ಥೆಗಳು ದೊಡ್ಡವರ ಕೈಯಿಂದ ಬರುವ ಹಣದಲ್ಲೇ ನಡೆಯುತ್ತಿದ್ದವು. ನನಗೆ ಸಂಬಳ ಕೊಡುತ್ತಿದ್ದದ್ದೂ ಅಂಥದೇ ಒಂದು. ಈಗಿನ ನನ್ನ ಕೆಲಸ ದೇಶದೊಳಗಿನ ದುಡ್ಡಿನದು. ಸೇರುವ ಮೊದಲು ನಿಮ್ಮ ಪ್ರಾಜೆಕ್ಟಿನ ದುಡ್ಡು ಎಲ್ಲಿಯದು, ಎಷ್ಟು ವರ್ಷಕ್ಕೆ ಅಂತ ಕೇಳಿ. ಕೇಳಿದರೆ ಅವರಿಗೆ ಸಿಟ್ಟು ಬಂದರೆ, ಉತ್ತರದಾಯಿತ್ವದ ಸಂಸ್ಥೆ ಅಂತ ಬೋರ್ಡು ಹಾಕಿಕೊಂಡವರ ಬಗ್ಗೆ ನಿಮಗೇ ತಿಳಿಯುತ್ತದೆ.

ಪಿಎಚ್.ಡಿ. ನಾನು 38ಕ್ಕೆ ಶುರು ಮಾಡಿದೆ. ಇಲ್ಲದಿದ್ದರೂ ಹೊಟ್ಟೆಗೆ ತೊಂದರೆಯಿಲ್ಲ. ಆದರೆ ಸಭೆಗಳಲ್ಲಿ ನಿಮ್ಮ ಹತ್ತು ವರ್ಷದ ಅನುಭವ ‘ಫೀಲ್ಡ್‌ನವರು ಹೇಳ್ತಾರೆ’ ಅಂತಾಗುತ್ತದೆ, ಡಿಗ್ರಿ ಬಂದ ಮರುದಿನ ಅದೇ ಮಾತು ‘ಸಂಶೋಧನೆ ಹೇಳುತ್ತದೆ’ ಅಂತಾಗುತ್ತದೆ. ನನಗೆ ಅದರಿಂದ ಆದ ನಿಜವಾದ ಲಾಭ ಬೇರೆ, ಬೇರೆಯವರ ಫಲಿತಾಂಶವನ್ನು ಅನುಮಾನದಿಂದ ಓದುವುದು ಬಂತು. ಒಂದು ಉದಾಹರಣೆ ಕೊಡುತ್ತೇನೆ. ಉಗಾಂಡಾದ 50 ಆರೋಗ್ಯ ಕೇಂದ್ರಗಳನ್ನು ತಗೊಂಡು, ಅದರಲ್ಲಿ ಅರ್ಧದಲ್ಲಿ ಜನರಿಗೆ ಅಂಕಪಟ್ಟಿ ಕೊಟ್ಟು, ಸಿಬ್ಬಂದಿಯ ಜೊತೆ ಕೂರಿಸಿ ಮಾತಾಡಿಸಿದ ಪ್ರಯೋಗ. ಐದು ವರ್ಷದೊಳಗಿನ ಮಕ್ಕಳ ಸಾವು ಮೂರನೇ ಒಂದರಷ್ಟು ಇಳಿಯಿತು ಅಂತ 2009ರಲ್ಲಿ ಪ್ರಬಂಧ ಬಂತು. ಹೋದಲ್ಲೆಲ್ಲ ಅದೇ ಸ್ಲೈಡ್, ನಾನೇ ತೋರಿಸಿದ್ದೇನೆ. ಹತ್ತು ವರ್ಷದ ಮೇಲೆ ಬೇರೆಯವರು ಅದೇ ದೇಶದಲ್ಲಿ ಇನ್ನೂ ದೊಡ್ಡದಾಗಿ ಮಾಡಿ ನೋಡಿದರೆ ಅಂಥ ಇಳಿಕೆ ಕಾಣಲೇ ಇಲ್ಲ. ಜನರ ಕೈಗೆ ಮಾಹಿತಿ ಕೊಟ್ಟರೆ ಸಾಕು ಅಂತ ನಂಬಿದ್ದ ನಮಗೆಲ್ಲ ಅದು ಒಳ್ಳೆಯ ಪೆಟ್ಟು.

ಬೆಂಗಳೂರಿನ ಅಂಕಪಟ್ಟಿಯದೂ ಅದೇ. 1994ರ ಮೇಲೆ 1999ರಲ್ಲಿ ಮತ್ತೆ ಕೇಳಿದಾಗ ಅಂಕ ಸ್ವಲ್ಪವೇ ಏರಿತ್ತು. 2003ರಲ್ಲಿ ಚೆನ್ನಾಗಿ ಏರಿತು. ನಡುವೆ ಎಸ್.ಎಂ. ಕೃಷ್ಣ ಸರ್ಕಾರ ಒಂದು ಟಾಸ್ಕ್ ಫೋರ್ಸ್ ಮಾಡಿ, ಸೇವೆ ಕೊಡುವ ಸಂಸ್ಥೆಗಳ ಮುಖ್ಯಸ್ಥರು ಆಗಾಗ ಸಾರ್ವಜನಿಕರ ಮುಂದೆ ನಿಂತು ಏನು ಮಾಡಿದೆವು ಅಂತ ಹೇಳಬೇಕಾದ ಪರಿಸ್ಥಿತಿ ತಂದಿತ್ತು. ಆ ಟಾಸ್ಕ್ ಫೋರ್ಸಿನಲ್ಲಿ ಇದ್ದವರು ಯಾರು, ಬಿ ಖಾತಾ ಅವರ ಇಡ್ಲಿಯವರಿಗೆ ಅಲ್ಲಿ ಜಾಗ ಇತ್ತಾ ಅನ್ನೋದು ಬೇರೆ ಜಗಳ, ಆ ಜಗಳವೂ ನ್ಯಾಯವಾದದ್ದೇ. ಆದರೆ ಮೇಲಿನಿಂದ ಒಬ್ಬರು ‘ಆ ಕಾಗದ ಎಲ್ಲಿ ಮಟ ಬಂತು’ ಅಂತ ಕೇಳುತ್ತಿದ್ದರು. ಕುಂದಾಪುರದ ಹುಡುಗಿ ತಿಂಗಳು ಬರೆಸಿಕೊಂಡದ್ದೂ ಅದಕ್ಕೇ.

ಅದಕ್ಕೆ ಈಗ ಪ್ರಾಜೆಕ್ಟ್ ಬರೆಯುವಾಗ ವರದಿ ಆದ ಮೇಲಿನ ಆರು ತಿಂಗಳಿಗೆ ಬಸ್ ಚಾರ್ಜು, ಒಬ್ಬರ ಸಂಬಳ ಇಡದಿದ್ದರೆ ನಾನು ಸಹಿ ಹಾಕುವುದಿಲ್ಲ. ದುಡ್ಡು ಕೊಡುವವರು ಮೊದಲು ಕತ್ತರಿ ಹಾಕುವುದು ಆ ಸಾಲಿಗೇ. ಎರಡು ಪ್ರಾಜೆಕ್ಟ್ ಹೀಗೇ ಕೈಬಿಟ್ಟಿವೆ. ಸಭೆಯಲ್ಲಿ ಎದ್ದು ಮಾತಾಡಿದವರ ಪಟ್ಟಿ ಒಂದು ನೋಟ್‌ಬುಕ್ಕಿನಲ್ಲಿ ಬೇರೆಯಾಗಿ ಇಡುತ್ತೇನೆ, ಅದು ವರದಿಗೆ ಹೋಗುವುದಿಲ್ಲ. ಮಾತಾಡಿದ ಮೂರು ತಿಂಗಳಿಗೆ ಅವರ ಮನೆಗೆ ಒಮ್ಮೆ ಹೋಗಿ ಅಂಗಡಿ, ಕೂಲಿ, ರೇಷನ್ ಮೂರನ್ನೂ ವಿಚಾರಿಸುವುದು.

ನಿವೃತ್ತ ಕಾರ್ಯದರ್ಶಿಯವರೇ, ‘ಅರ್ಧ ಕಳ್ಳತನ, ಅರ್ಧ ಧಾವಂತ’ ಅಂದಿರಲ್ಲ, ಒಪ್ಪಿದೆ. ನನ್ನ ಮೊದಲ ವರದಿಗಳಲ್ಲಿ ಪೂರ್ತಿ ಕಳ್ಳತನ ಅಂತಲೇ ಬರೆದಿದ್ದೇನೆ. ಒಬ್ಬ ಪಿಡಿಒಗೆ ಅದರಿಂದ ತೊಂದರೆಯೂ ಆಯಿತು, ಆತನದು ಧಾವಂತವಾಗಿತ್ತು.

ನಿವೃತ್ತ ಕಾರ್ಯದರ್ಶಿ

ಬರೆದು ಒಪ್ಪಿಕೊಂಡಿರಿ, ಅದು ದೊಡ್ಡದು. ನಮ್ಮ ಇಲಾಖೆಯಲ್ಲಿ ಅದಕ್ಕೆ ನಮೂನೆ ಇಲ್ಲ.

ಏಲಕ್ಕಿ ಹಾರ

ಭಾನುವಾರ ಊರಿಗೆ ಹೋಗಿದ್ದೆ. ಅಪ್ಪನಿಗೆ ಮತ್ತೆ ಹೇಳಿ ನೋಡಿದೆ. ‘ಸರ್ಕಾರದ್ದು ಊರಾಗ ಖರ್ಚಾದ ದುಡ್ಡಿನ ಲೆಕ್ಕ ಊರ ಮುಂದ ಓದೋ ಕೆಲಸ’ ಅಂದೆ. ‘ಜಾತ್ರಿ ಮುಗದ ಮ್ಯಾಲೆ ಗುಡಿ ಕಟ್ಟಿ ಮ್ಯಾಲೆ ಪಟ್ಟಿ ಲೆಕ್ಕ ಓದ್ತಾರಲ್ಲ, ಹಂಗೇನು?’ ಅಂದ್ರು. ಹೌದಪ್ಪ, ಅದೇ ಅಂದೆ. ‘ಅದಕ್ಕ ಎಂ.ಎ. ಯಾಕ ಬೇಕು?’ ಅಂದ್ರು. ಆಮೇಲೆ ಊಟಕ್ಕೆ ಕೂತಾಗ, ‘ಹೋಗು. ಲೆಕ್ಕ ಓದಿದ ದಿನ ಜಗಳ ಆಕ್ಕತಿ ನೋಡು, ರಾತ್ರಿ ಬಸ್ಸಿಗೆ ಬರಬ್ಯಾಡ, ಯಾರದರ ಮನ್ಯಾಗ ಉಳಕೊ’ ಅಂದ್ರು.

ಒಂದನೇ ತಾರೀಖಿಗೆ ಸೇರ್ತಾ ಇದ್ದೀನಿ. ವರದಿ ಆದ ಮೇಲಿನ ಆರು ತಿಂಗಳಿಗೆ ಏನಿದೆ ಅಂತ ಫೋನಲ್ಲಿ ಕೇಳಿದೆ. ‘ಒಳ್ಳೇ ಪ್ರಶ್ನೆ, ಬಂದ ಮೇಲೆ ಮಾತಾಡೋಣ’ ಅಂದ್ರು. ಪಿಡಿಒ ಪುಸ್ತಕಗಳನ್ನ ರೂಮಲ್ಲೇ ಬಿಟ್ಟಿದ್ದೀನಿ, ಮಾರಿಲ್ಲ.

ಮೇಡಂ, ಒಂದು ಸಣ್ಣ ಪ್ರಶ್ನೆ. ಹೊಲದ ಬದು ಅಳೆಯೋಕೆ ಟೇಪ್ ಸಂಸ್ಥೆಯವರು ಕೊಡ್ತಾರಾ, ನಾನೇ ತಗೋಬೇಕಾ? ಎಷ್ಟು ಮೀಟರಿನದು?

ಕಾಲುವೆ ಕೊನೆ

ಕೊಡುತ್ತೇವೆ ಅನ್ನುತ್ತಾರೆ, ಬರುವುದು ಎರಡನೇ ತಿಂಗಳಿಗೆ. ನಿಮ್ಮದೇ ತಗೊಳ್ಳಿ, 30 ಮೀಟರಿನದು, ಫೈಬರಿನದು. ಬಟ್ಟೆ ಟೇಪು ಬೇಡ, ಜಗ್ಗಿದರೆ ಹಿಗ್ಗುತ್ತದೆ, ಎಂಜಿನಿಯರ್ ಅದನ್ನೇ ಹಿಡಿದು ಇಡೀ ಅಳತೆ ತಪ್ಪು ಅನ್ನುತ್ತಾರೆ. ಇನ್ನೊಂದು ತುದಿ ಹಿಡಿಯಲು ಆ ಊರಿನವರೇ ಯಾರಾದರೂ ಇರಲಿ, ನೀವೇ ಎರಡೂ ತುದಿ ಹಿಡಿಯಬೇಡಿ.